ಗಿಡಮೂಲಿಕೆ ಅಂಗಡಿಯ ಪತ್ತೇದಾರಿಣಿ: ಎಲೆ ಏಕೆ ಸಾಕ್ಷಿ ಹೇಳಲಿಲ್ಲ?

ತುಂಬೆಹೂವು, ತುಮಕೂರು

ನಮ್ಮ ಓದುಗರ ಬಳಗ ಈ ತಿಂಗಳು ಆರಿಸಿಕೊಂಡ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು ಬಹುಮಂದಿ ಮುಗಿಸಿರುವುದರಿಂದ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಕೊಲೆ ಹೇಗಾಯಿತು, ಯಾರು ಮಾಡಿದರು ಎಂಬುದನ್ನು ಬಿಚ್ಚಿ ಹೇಳದೆ ಈ ಪುಸ್ತಕದ ಗುಣದೋಷಗಳನ್ನು ಎತ್ತಿ ಆಡಲಾಗದು. ಇನ್ನೂ ಓದದವರ ಕುತೂಹಲ ಕೆಡದಿರಲೆಂದು ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ದಯವಿಟ್ಟು ನೀವೂ ಬರೆಯಬೇಡಿ.

ಕಥೆಯನ್ನು ನೆನಪಿಗೆ ತಂದುಕೊಳ್ಳುವುದಾದರೆ, ಲಂಡನ್ನಿನ ಕೆಲಸ ಬಿಟ್ಟು ಇಂಗ್ಲೆಂಡಿನ ಒಂದು ಹಳ್ಳಿಗೆ ಬಂದ ಹೆಂಗಸು ಅಲ್ಲಿ ಗಿಡಮೂಲಿಕೆಗಳ ಅಂಗಡಿ ತೆರೆಯುತ್ತಾಳೆ. ಆಕೆಯಲ್ಲಿ ಕೀಲುನೋವಿಗೆಂದು ಕಾಮ್‌ಫ್ರಿ ಎಂಬ ಒಣಎಲೆಯ ಕಷಾಯಪುಡಿ ಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಸಾಯುತ್ತಾರೆ. ಅವರು ಹೃದಯಕ್ಕೆ ಡಿಗಾಕ್ಸಿನ್ ಮಾತ್ರೆ ನುಂಗುತ್ತಿದ್ದುದರಿಂದ, ರಕ್ತದಲ್ಲಿ ಅದರ ಅಂಶ ಹೆಚ್ಚಾಗಿ ಕಂಡಾಗ ಮರೆವಿನಿಂದ ಎರಡು ಸಲ ನುಂಗಿರಬೇಕೆಂದು ಎಲ್ಲರೂ ತಿಳಿಯುತ್ತಾರೆ. ನಿಜದಲ್ಲಿ ಊರಿನ ತೋಟಗಾರಿಕೆ ಸಂಘದ ಕಾರ್ಯದರ್ಶಿ, ತಾನು ಸಂಘದ ಹಣ ನುಂಗಿದ್ದು ಮೇಷ್ಟ್ರಿಗೆ ತಿಳಿಯಿತೆಂದು, ಅವರ ಪೊಟ್ಟಣಕ್ಕೆ ಆ ಮಾತ್ರೆಯ ಮದ್ದನ್ನೇ ಹೋಲುವ ವಿಷವುಳ್ಳ ಫಾಕ್ಸ್‌ಗ್ಲವ್ ಎಲೆ ಬೆರೆಸಿರುತ್ತಾಳೆ.

ನನಗೆ ಪುಸ್ತಕದ ಮೊದಲ ಅರ್ಧ ಬಹಳ ಹಿಡಿಸಿತು. ಬೆಳಗ್ಗೆ ಬಾಗಿಲು ತೆಗೆದೊಡನೆ ರಾತ್ರಿಯೆಲ್ಲ ಮುಚ್ಚಿದ್ದ ಕೋಣೆಯಿಂದ ಬರುವ ಬೆರಕೆ ವಾಸನೆ, ಜಾಡಿಗಳ ಮೇಲೆ ಕೈಬರಹದ ಚೀಟಿ, ತಕ್ಕಡಿಯ ಪಕ್ಕದಲ್ಲಿ ಮಲಗಿದ ಬೆಕ್ಕು, ಇವುಗಳನ್ನು ಓದುತ್ತಿದ್ದಾಗ ಚಿಕ್ಕವಳಿದ್ದಾಗ ಅಜ್ಜಿಯ ಕೈ ಹಿಡಿದು ನಿಂತಿದ್ದ ಗ್ರಂಧಿಗೆ ಅಂಗಡಿಯೇ ಕಣ್ಣಿಗೆ ಕಟ್ಟಿತು. ಇಂಗ್ಲಿಷರು ಅಡುಗೆಗೆ ಹಾಕುವ ಥೈಮ್ ಎಂಬ ಸೊಪ್ಪನ್ನು ನಾನು ಕಂಡವಳಲ್ಲ, ಆದರೆ ಅದರ ಪರಿಮಳಕ್ಕೆ ಕಾರಣವಾದ ಥೈಮಾಲ್ ನಮ್ಮ ಓಮದಲ್ಲಿಯೂ ಇದೆ, ದೊಡ್ಡಪತ್ರೆಯ ಘಾಟೂ ಅದೇ ಜಾತಿಯದು. ಅದು ತಿಳಿದ ಮೇಲೆ ಆ ಅಡುಗೆಮನೆ ಪರದೇಶದ್ದೆನಿಸಲಿಲ್ಲ. ನಮ್ಮೂರಿನ ಹೆಸರೇ ತುಂಬೆಗಿಡದಿಂದ ಬಂದದ್ದೆಂಬ ಒಂದು ಮಾತಿದೆಯಷ್ಟೆ. ಸೊಪ್ಪುಸದೆಯ ಕಥೆಗೆ ನಾವು ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ನನ್ನ ತಕರಾರು ಎರಡನೆಯ ಅರ್ಧದ ಬಗ್ಗೆ. ಇನ್ನೂರು ಪುಟಗಳವರೆಗೆ ಎಲೆ, ಬೇರು, ತೊಗಟೆ ಎಂದು ನಮಗೆ ಪಾಠ ಹೇಳಿದ ನಾಯಕಿ, ಕೊಲೆಗಾರ್ತಿಯನ್ನು ಹಿಡಿಯುವುದು ಮಾತ್ರ ಚರ್ಚಿನ ಸಭಾಂಗಣದ ಪರದೆಯ ಹಿಂದೆ ನಿಂತು ಫೋನಿನ ಮಾತು ಕದ್ದು ಕೇಳಿ! ಹಾಗಿದ್ದರೆ ಆಕೆ ಗಿಡಮೂಲಿಕೆಯವಳೇ ಆಗಬೇಕಾದ ಅಗತ್ಯವೇನಿತ್ತು? ಬಟ್ಟೆ ಅಂಗಡಿಯವಳಾಗಿದ್ದರೂ ಪರದೆಯ ಹಿಂದೆ ನಿಲ್ಲಬಹುದಿತ್ತು.

ತಿಪಟೂರಿನವಳು

ಮೇಡಂ, ನಿಮ್ಮ ತಕರಾರು ನ್ಯಾಯವಾದದ್ದೇ ಇರಬಹುದು, ಆದರೆ ಈ ಬಗೆಯ ಪುಸ್ತಕವನ್ನು ನಾವು ಕೈಗೆತ್ತಿಕೊಳ್ಳುವುದು ಅದಕ್ಕಾಗಿಯೇ ಎಂದು ನನಗೆ ಅನಿಸುವುದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ತಾಯಿಗೆ ಸೊಂಟದ ಮೂಳೆ ಮುರಿದು ಮೂರು ವಾರ ಅವರ ಮಂಚದ ಪಕ್ಕದಲ್ಲಿ ರಾತ್ರಿ ಕಳೆದಾಗ ನಾನು ಓದಿದ್ದು ಇಂಥವೇ ಆರು ಕಾದಂಬರಿಗಳು. ರಕ್ತ ಹರಿಯುವುದಿಲ್ಲ, ಮಕ್ಕಳಿಗೆ ಕೇಡಾಗುವುದಿಲ್ಲ, ಬೆಕ್ಕು ಸಾಯುವುದಿಲ್ಲ, ಕೊನೆಯಲ್ಲಿ ತಪ್ಪು ಮಾಡಿದವರು ಸಿಕ್ಕಿಬೀಳುತ್ತಾರೆ ಎಂಬ ಭರವಸೆ ಮೊದಲ ಪುಟದಿಂದಲೇ ಇರುತ್ತದೆ. ಗಂಟೆಗೊಮ್ಮೆ ಎದ್ದು ಮಗ್ಗುಲು ಹೊರಳಿಸಿ ಬಂದು ಮತ್ತೆ ಓದಲು ಕೂತರೆ ಎಳೆ ತಪ್ಪುವುದಿಲ್ಲ. ಎಳೆ ತಪ್ಪದಿರುವುದೇ ಒಂದು ಕಸುಬುಗಾರಿಕೆಯಲ್ಲವೇ?

ಮೇಷ್ಟ್ರು ಮೂರನೆಯ ಅಧ್ಯಾಯದಲ್ಲಿ ಬಿಳಿಯ ಮೇಜುಬಟ್ಟೆಯನ್ನು ನೋಡಿ ಇದೇಕೆ ಹಳದಿಯಾಗಿದೆ ಎಂದು ಕೇಳುತ್ತಾರೆ, ನೆನಪಿದೆಯೇ? ಒಗೆಯುವವಳು ಬೇಸರಪಟ್ಟುಕೊಳ್ಳುತ್ತಾಳೆ, ಎಲ್ಲರೂ ನಗುತ್ತಾರೆ, ನಾನೂ ನಕ್ಕು ಮುಂದಕ್ಕೆ ಹೋದೆ. ಫಾಕ್ಸ್‌ಗ್ಲವ್‌ನ ವಿಷ ಏರಿದವರಿಗೆ ಕಂಡದ್ದೆಲ್ಲ ಹಳದಿಯಾಗಿ ಕಾಣಬಹುದೆಂದು ಕೊನೆಯಲ್ಲಿ ತಿಳಿದಾಗ ಪುಟ ಹಿಂದಕ್ಕೆ ತಿರುವಿ ಮತ್ತೆ ಓದಿದೆ. ಲೇಖಕಿ ನನ್ನ ಕಣ್ಣೆದುರೇ ಇಟ್ಟಿದ್ದನ್ನು ನಾನೇ ನೋಡಿರಲಿಲ್ಲ. ಅಷ್ಟು ಸಂತೋಷ ಕೊಟ್ಟ ಪುಸ್ತಕಕ್ಕೆ ಪರದೆಯ ಹಿಂದಿನ ಒಂದು ಪ್ರಸಂಗವನ್ನು ಕ್ಷಮಿಸುತ್ತೇನೆ.

ಕೊರಟಗೆರೆ ಓದುಗ

ನಾನು ಕ್ಷಮಿಸುವುದಿಲ್ಲ. ಅದಕ್ಕಿಂತ ದೊಡ್ಡ ತಪ್ಪೊಂದನ್ನು ಯಾರೂ ಹೇಳಲಿಲ್ಲ. ಮೇಷ್ಟ್ರು ಸತ್ತು ಹನ್ನೊಂದನೆಯ ದಿನ ಕಳೆಯುವ ಮೊದಲೇ ನಾಯಕಿ ಕೇಕ್ ಸ್ಪರ್ಧೆಗೆ ಹಿಟ್ಟು ಕಲಸುತ್ತಿರುತ್ತಾಳೆ. ಅವರು ವಾರಕ್ಕೆರಡು ಸಲ ಅಂಗಡಿಗೆ ಬಂದು ಅದೇ ಕುರ್ಚಿಯಲ್ಲಿ ಕುಳಿತು ಹೋಗುತ್ತಿದ್ದವರು; ಆ ಕುರ್ಚಿ ಖಾಲಿಯಾಯಿತೆಂಬ ಒಂದು ಸಾಲು ಇಲ್ಲ. ನಮ್ಮ ಹಳ್ಳಿಯಲ್ಲಿ ಒಬ್ಬ ವಯಸ್ಸಾದವರು ಹೀಗೆ ಹೋದರೆ ತಿಥಿಯ ದಿನದವರೆಗೆ ಜಗಲಿಯಲ್ಲಿ ಬೇರೆ ಮಾತೇ ಇರುವುದಿಲ್ಲ. ಕೊಲೆಯೆಂಬುದು ಸುಡೋಕುವಿನ ಖಾಲಿ ಚೌಕದಂತೆ ಬಳಕೆಯಾದರೆ ಸತ್ತವನು ಯಾರಾದರೇನು?

ಇನ್ನು ಅನುಮಾನಿತರ ಸಾಲು. ಸಿಡುಕ ಪಾದ್ರಿ, ಸಾಲಗಾರ ಅಳಿಯ, ಹೊಸದಾಗಿ ಊರಿಗೆ ಬಂದ ಚಿತ್ರಕಾರ. ಒಬ್ಬೊಬ್ಬರೂ ಒಂದೊಂದು ಅಧ್ಯಾಯಕ್ಕೆ ಬಂದು ಅನುಮಾನ ಹುಟ್ಟಿಸಿ, ಬಯಲಾಟದ ವೇಷಗಳಂತೆ ಸರಿದುಹೋಗುತ್ತಾರೆ. ನಮ್ಮ ತಂದೆಯ ಕಾಲದವರು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳಲ್ಲಿಯೂ ಆಕಸ್ಮಿಕಗಳಿಗೆ ಕೊರತೆಯಿರಲಿಲ್ಲ, ಆದರೆ ಓದುಗ ಉಸಿರು ಬಿಗಿಹಿಡಿಯುತ್ತಿದ್ದ. ಇಲ್ಲಿ ಉಸಿರು ಬಿಗಿಹಿಡಿಯುವ ಸಂದರ್ಭ ಬಂದರೆ ಲೇಖಕಿ ಚಹಾ ಕಾಯಿಸಲು ಎದ್ದುಹೋಗುತ್ತಾರೆ.

ಹಿತ್ತಲ ಗಿಡದ ಗಾದೆಯನ್ನು ಯಾರೂ ಈ ಚರ್ಚೆಯಲ್ಲಿ ತರಬಾರದೆಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ.

ಹಳೆಯ ಕಾಂಪೌಂಡರ್

ಮೂವತ್ತೆರಡು ವರ್ಷ ಆಸ್ಪತ್ರೆಗಳ ಔಷಧಿ ವಿತರಣೆಯ ಕಿಟಕಿಯ ಒಳಗೆ ನಿಂತು ನಿವೃತ್ತನಾದವನು ನಾನು. ಆದ್ದರಿಂದ ನನ್ನ ಓದು ಸ್ವಲ್ಪ ವಕ್ರ. ತುಂಬೆಹೂವು ಮೇಡಂ ಎತ್ತಿದ ಪ್ರಶ್ನೆಯೇ ಮುಖ್ಯವಾದದ್ದು, ಅದಕ್ಕೆ ಉತ್ತರ ಕಾದಂಬರಿಯ ಒಳಗೇ ಬಿದ್ದಿತ್ತು, ಲೇಖಕಿ ಅದನ್ನು ಬಗ್ಗಿ ಎತ್ತಿಕೊಳ್ಳಲಿಲ್ಲ ಎಂಬುದು ನನ್ನ ಕೊರಗು.

ಫಾಕ್ಸ್‌ಗ್ಲವ್‌ನಲ್ಲಿ ಹಲವು ಜಾತಿಗಳಿವೆ. ಇಂಗ್ಲೆಂಡಿನ ಬೇಲಿಸಾಲುಗಳಲ್ಲಿ ತಾನಾಗಿ ಬೆಳೆಯುವ ನೇರಳೆ ಹೂವಿನ ಗಿಡದ ಎಲೆಯಿಂದ ದೊರೆಯುವ ಮುಖ್ಯ ಔಷಧವಸ್ತು ಡಿಜಿಟಾಕ್ಸಿನ್. ಮೇಷ್ಟ್ರು ನುಂಗುತ್ತಿದ್ದ ಮಾತ್ರೆಯ ಡಿಗಾಕ್ಸಿನ್ ಬರುವುದು ಉಣ್ಣೆಯಂಥ ರೋಮವುಳ್ಳ ಬೇರೊಂದು ಜಾತಿಯಿಂದ. ಹೆಸರುಗಳು ಅವಳಿಗಳಂತೆ ಕೇಳಿಸಿದರೂ ವಸ್ತುಗಳು ಬೇರೆ. ಆಸ್ಪತ್ರೆಯ ಸಾಮಾನ್ಯ ರಕ್ತಪರೀಕ್ಷೆ ಇವೆರಡರ ನಡುವೆ ಮೋಸಹೋಗಬಹುದು, ಆದರೆ ವಿಧಿವಿಜ್ಞಾನ ಪ್ರಯೋಗಾಲಯದ ಸೂಕ್ಷ್ಮ ಪರೀಕ್ಷೆ ಬೇರ್ಪಡಿಸಿ ತೋರಿಸಬಲ್ಲದು. ಮೇಷ್ಟ್ರ ದೇಹದಲ್ಲಿ ಡಿಜಿಟಾಕ್ಸಿನ್ ಸಿಕ್ಕಿತೆಂದರೆ ಅದು ಅವರ ಮಾತ್ರೆಯ ಡಬ್ಬಿಯಿಂದ ಬಂದದ್ದಲ್ಲ, ಎಲೆಯಿಂದಲೇ ಬಂದದ್ದು. ಈ ಒಂದು ಮಾತನ್ನು ಮೂಲಿಕೆ ಬಲ್ಲ ನಾಯಕಿ ಇನ್ಸ್‌ಪೆಕ್ಟರಿಗೆ ಹೇಳಿ ಮರುಪರೀಕ್ಷೆ ಕೇಳಿದ್ದರೆ, ಗಿಡವೇ ಸಾಕ್ಷಿಕಟ್ಟೆ ಏರಿದಂತಾಗುತ್ತಿತ್ತು. ಮಾತ್ರೆಯ ಮರೆಯಲ್ಲಿ ಎಲೆಯನ್ನು ಅಡಗಿಸುವಷ್ಟು ಜಾಣ್ಮೆಯಿದ್ದ ಲೇಖಕಿಗೆ ಬಿಡಿಸುವಾಗ ಏಕೆ ಅದು ಹೊಳೆಯಲಿಲ್ಲವೋ!

ಹೋಲಿಕೆಗೆ ಒಂದು ಮಾತು. ಅಗಾಥಾ ಕ್ರಿಸ್ಟಿ ಮೊದಲ ಮಹಾಯುದ್ಧದ ಸಮಯದಲ್ಲಿ ಟಾರ್ಕಿಯ ಆಸ್ಪತ್ರೆಯೊಂದರಲ್ಲಿ ನಮ್ಮದೇ ಕಸುಬು ಮಾಡಿದವರು, ಔಷಧಿ ಬೆರೆಸುವ ಪರೀಕ್ಷೆ ಪಾಸು ಮಾಡಿದವರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯ ವಿಷ ಸ್ಟ್ರಿಕ್ನಿನ್, ಅಂದರೆ ನಮ್ಮ ಕಾಸರಕದ ಬೀಜದ ಸತ್ವ. ಬಾಟಲಿಯ ಮೇಲೆ ‘ಕುಡಿಯುವ ಮೊದಲು ಚೆನ್ನಾಗಿ ಅಲುಗಾಡಿಸಿ’ ಎಂದು ನಾವೇಕೆ ಬರೆಯುತ್ತಿದ್ದೆವು ಎಂಬುದನ್ನು ಬಲ್ಲವರಿಗೆ ಮಾತ್ರ ಅಲ್ಲಿನ ಒಗಟು ಬಿಡಿಸಬರುತ್ತದೆ. ಇದಕ್ಕಿಂತ ಹೆಚ್ಚು ಹೇಳಿದರೆ ಓದದವರಿಗೆ ಅನ್ಯಾಯ. ಅಲ್ಲಿ ವೃತ್ತಿಯ ತಿಳಿವಳಿಕೆಯೇ ಬೀಗದ ಕೈ. ನಮ್ಮ ಈ ಕಾದಂಬರಿಯಲ್ಲಿ ಅದು ಬಾಗಿಲಿಗೆ ಕಟ್ಟಿದ ತೋರಣ.

ಗ್ರಂಧಿಗೆ ಅಂಗಡಿ

ಕಾಂಪೌಂಡರ್ ಸರ್, ಪ್ರಯೋಗಾಲಯದವರೆಗೆ ಹೋಗುವ ಅಗತ್ಯವೂ ಇರಲಿಲ್ಲವೆಂಬುದು ನನ್ನ ಎಣಿಕೆ. ಮೂರು ತಲೆಮಾರಿನಿಂದ ಅಂಗಡಿ ಇಟ್ಟುಕೊಂಡಿರುವವನಾಗಿ ಹೇಳುತ್ತಿದ್ದೇನೆ, ಒಂದು ಮೂಲಿಕೆ ಅಂಗಡಿಯಲ್ಲಿ ಕಣ್ಣಿಗಿಂತ ಬೆರಳು ಮೊದಲು ಕೆಲಸ ಮಾಡುತ್ತದೆ. ಪುಸ್ತಕ ಓದುತ್ತ ಎರಡೂ ಎಲೆಗಳ ಚಿತ್ರಗಳನ್ನು ಹುಡುಕಿ ದೊಡ್ಡದು ಮಾಡಿ ನೋಡಿದೆ. ಫಾಕ್ಸ್‌ಗ್ಲವ್ ಮೊದಲ ವರ್ಷ ಹೂಬಿಡದೆ ನೆಲಕ್ಕೆ ಹರಡಿಕೊಂಡು ಎಲೆಗಳನ್ನಷ್ಟೇ ಬಿಡುವ ಗಿಡ; ಆಗ ಅದನ್ನು ಕಾಮ್‌ಫ್ರಿ ಎಂದು ಕಿತ್ತು ಕುಡಿದು ಅಪಾಯಕ್ಕೆ ಸಿಲುಕಿದವರು ನಿಜವಾಗಿಯೂ ಇದ್ದಾರೆ. ಆದರೆ ಫಾಕ್ಸ್‌ಗ್ಲವ್ ಎಲೆಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಮೈ ಮೆತ್ತಗೆ. ಕಾಮ್‌ಫ್ರಿಯ ಅಂಚು ನುಣುಪು, ಮೈಮೇಲಿನ ರೋಮ ಬಿರುಸು, ಚುಚ್ಚುವಂಥದ್ದು. ಇನ್ಸ್‌ಪೆಕ್ಟರು ಆ ಪೊಟ್ಟಣವನ್ನು ಏಳನೆಯ ಅಧ್ಯಾಯದಲ್ಲಿ ನಾಯಕಿಯ ಮೇಜಿನ ಮೇಲೆಯೇ ಸುರಿಯುತ್ತಾನೆ! ಒಂದು ಚೂರನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಅಂಚಿನ ಮೇಲೆ ಬೆರಳಾಡಿಸಿದ್ದರೆ ಅಲ್ಲಿಗೇ ಅರ್ಧ ಪ್ರಕರಣ ತೀರುತ್ತಿತ್ತು. ಆಕೆ ಪುಡಿಯನ್ನು ನೋಡಿ ಕಣ್ಣೀರು ಹಾಕುತ್ತಾಳೆ. ನಮ್ಮಜ್ಜ ಕಂಡಿದ್ದರೆ ಅಳಲೆಕಾಯಿ ಪಂಡಿತೆ ಎಂದು ಬೈಯುತ್ತಿದ್ದರು.

ಅಂಗಡಿಯ ವರ್ಣನೆ ಚೆನ್ನಾಗಿದೆ ಎಂದು ಎಲ್ಲರೂ ಬರೆಯುತ್ತಿದ್ದೀರಿ, ನನಗೆ ಅದೂ ಅಷ್ಟಕ್ಕಷ್ಟೆ. ಆ ಅಂಗಡಿಯಲ್ಲಿ ಮೂಲಿಕೆಗಳಿಗೆ ಹುಳ ಬೀಳುವುದಿಲ್ಲ, ಮಳೆಗಾಲದಲ್ಲಿ ಬೇರುಗಳಿಗೆ ಬೂಷ್ಟು ಹಿಡಿಯುವುದಿಲ್ಲ, ಉದ್ರಿ ಪುಸ್ತಕವೇ ಇಲ್ಲ. ಮುಖ್ಯವಾಗಿ, ಮಾಲು ಎಲ್ಲಿಂದ ಬಂತು, ತಂದವನು ಎಂಥವನು ಎಂಬ ಪ್ರಶ್ನೆ ಅವಳಿಗೆ ಬರುವುದೇ ಇಲ್ಲ. ನಮ್ಮ ದಿನದ ತಲೆನೋವೇ ಅದು. ಅಶೋಕದ ತೊಗಟೆ ಎಂದು ಮೂಟೆ ಬರುತ್ತದೆ, ಬಿಚ್ಚಿ ನೋಡಿದರೆ ಶಾಲೆಯ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನಿಲ್ಲುವ, ಜನ ಬಾಯಿತಪ್ಪಿ ಅಶೋಕವೆಂದೇ ಕರೆಯುವ ಇನ್ನೊಂದು ಮರದ ತೊಗಟೆ. ಒಂದರ ಬದಲು ಇನ್ನೊಂದು ಬರುವ ಈ ಬದಲಿ ಮಾಲಿನ ವಿಷಯವೇ ಪತ್ತೇದಾರಿ ಕಥೆಗೆ ಬೇಕಾದಷ್ಟಾಯಿತು. ಕೊಲೆಯ ಉದ್ದೇಶವೂ ಬೇಕಿಲ್ಲ.

ಹಳೆಯ ಕಾಂಪೌಂಡರ್

ಸರಿಯಾಗಿ ಹೇಳಿದಿರಿ ಯಜಮಾನರೇ. ಅಮೃತಬಳ್ಳಿಯ ವಿಷಯವನ್ನೇ ನೋಡಿ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲಿ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ವರದಿ ಮಾಡಿದರು. ಅದೇ ಕುಲದ, ನೋಡಲು ಹಾಗೆಯೇ ಇರುವ ಬೇರೊಂದು ಬಳ್ಳಿಯನ್ನು ಜನ ತಪ್ಪಾಗಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ಬಳ್ಳಿ ಯಾವುದು, ಕುಡಿದವನು ಯಾರು, ಕಿತ್ತು ತಂದವನು ಯಾರು ಎಂದು ಕೇಳುತ್ತ ಹೋಗುವ ಸಾವಧಾನದ ಕೆಲಸ ಪತ್ತೇದಾರಿಕೆಯದೇ.

ಇನ್ನೊಂದು ಆಕ್ಷೇಪವನ್ನು ದಾಖಲಿಸಲೇಬೇಕು, ಏಕೆಂದರೆ ಇದು ಕಥೆಯ ರುಚಿಯ ಪ್ರಶ್ನೆಯಲ್ಲ. ಈ ಕಾದಂಬರಿಯಲ್ಲಿ ಫಾಕ್ಸ್‌ಗ್ಲವ್ ಕೆಟ್ಟದ್ದು, ಕಾಮ್‌ಫ್ರಿ ಒಳ್ಳೆಯದು ಎಂಬ ಸರಳ ಪಾಲು ಮಾಡಲಾಗಿದೆ, ಪುಸ್ತಕದ ಕೊನೆಯಲ್ಲಿ ಕಾಮ್‌ಫ್ರಿ ಕಷಾಯ ಮಾಡುವ ವಿಧಾನವನ್ನೂ ಕೊಟ್ಟಿದ್ದಾರೆ. ಕಾಮ್‌ಫ್ರಿಯಲ್ಲಿ ಯಕೃತ್ತನ್ನು ಕೆಡಿಸುವ ಕ್ಷಾರವಸ್ತುಗಳಿವೆ. ಅದೇ ಕಾರಣಕ್ಕೆ 2001ರಲ್ಲಿ ಅಮೆರಿಕದ ಔಷಧ ಆಡಳಿತವು ಕಾಮ್‌ಫ್ರಿ ಇರುವ ಸೇವನೆಯ ಪೂರಕಗಳನ್ನು ಮಾರುಕಟ್ಟೆಯಿಂದ ತೆಗೆಯುವಂತೆ ತಯಾರಕರಿಗೆ ಹೇಳಿತು. ಮೇಷ್ಟ್ರಿಗೆ ಕೊಲೆಗಾರ್ತಿಯ ಎಲೆ ಬೀಳದಿದ್ದರೂ ನಾಯಕಿಯ ಕಷಾಯ ದಿನವೂ ಒಳಗೆ ಹೋಗುತ್ತಲೇ ಇತ್ತು. ಅದರ ಎದುರು ಪಕ್ಕದ ಸತ್ಯವೂ ಇದೆ. ಫಾಕ್ಸ್‌ಗ್ಲವ್ ಲಕ್ಷಾಂತರ ಹೃದಯರೋಗಿಗಳ ಮದ್ದಾದದ್ದು ಹೇಗೆಂದರೆ, ವಿಲಿಯಂ ವಿದರಿಂಗ್ ಎಂಬ ವೈದ್ಯರು ಹಳ್ಳಿಯ ಮುದುಕಿಯೊಬ್ಬಳು ಮೈ ಊತಕ್ಕೆ ಕೊಡುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳ ಮನೆಮದ್ದಿನಲ್ಲಿ ಕೆಲಸ ಮಾಡುತ್ತಿರುವುದು ಇದೊಂದೇ ಎಂದು ಗುರುತಿಸಿ, ವರ್ಷಗಟ್ಟಲೆ ಅಳೆದು ತೂಗಿ ಕೊಟ್ಟು, 1785ರಲ್ಲಿ ತಾವು ಕಂಡುದನ್ನು ಪ್ರಕಟಿಸಿದರು. ವಿಷವೂ ಮದ್ದೂ ಒಂದೇ ಎಲೆಯಲ್ಲಿರುವುದು ಈ ಬಗೆಯ ಕಥೆಯ ಜೀವಾಳವಾಗಬೇಕಿತ್ತು. ನಮ್ಮ ಕಣಗಿಲೆಯೂ ಅದೇ ವರ್ಗದ ಹೃದಯವಿಷವುಳ್ಳ ಗಿಡ, ದೇವರ ತಲೆಯ ಮೇಲೂ ಅದೇ.

ತಿಪಟೂರಿನವಳು

ಕಾಂಪೌಂಡರ್ ಸರ್ ಬರೆದುದನ್ನು ಓದಿ ಪುಸ್ತಕದ ಹಿಂಬದಿಯ ಆ ಕಷಾಯದ ಪುಟವನ್ನು ಪಿನ್ ಹಾಕಿ ಮುಚ್ಚಿದ್ದೇನೆ. ಈ ತಪ್ಪನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ.

ಆದರೆ ಕೊರಟಗೆರೆಯವರ ಖಾಲಿ ಕುರ್ಚಿಯ ಮಾತಿಗೆ ಉತ್ತರಿಸಬೇಕು. ದುಃಖವನ್ನು ಪೂರ್ತಿಯಾಗಿ ಬರೆದರೆ ಅದು ಬೇರೆಯೇ ಕಾದಂಬರಿಯಾಗುತ್ತದೆ, ಅದನ್ನು ನಾನು ಅಮ್ಮನ ಮಂಚದ ಪಕ್ಕದಲ್ಲಿ ಓದಲಾರೆ. ಲೇಖಕಿ ದುಃಖವನ್ನು ಮರೆತಿದ್ದಾರೆಂದು ನನಗೆ ಅನಿಸಲಿಲ್ಲ. ಅದನ್ನು ನಮ್ಮ ಕಣ್ಣಿಗೆ ಬೀಳದ ಕಡೆ ಇಟ್ಟಿದ್ದಾರೆ. ಮೇಷ್ಟ್ರ ನಾಯಿಯನ್ನು ನಾಯಕಿ ಮನೆಗೆ ಕರೆತರುವ ಪ್ರಸಂಗದಲ್ಲಿ ಆ ನಾಯಿ ಅಂಗಡಿ ಮುಚ್ಚುವ ಹೊತ್ತಿಗೆ ಎದ್ದು ಬಾಗಿಲ ಬಳಿ ನಿಲ್ಲುತ್ತದೆ. ಅಷ್ಟೇ ಒಂದು ವಾಕ್ಯ. ನನಗೆ ಸಾಕಾಯಿತು.

ಕೊರಟಗೆರೆ ಓದುಗ

ಆ ನಾಯಿಯನ್ನು ನಾನು ಮರೆತಿದ್ದೆ. ಅಕ್ಕ ಹೇಳಿದ್ದು ಸರಿ, ಆ ವಾಕ್ಯ ಒಳ್ಳೆಯದು. ಪುಸ್ತಕದಲ್ಲಿ ಅಂಥ ಇನ್ನೂ ನಾಲ್ಕು ವಾಕ್ಯಗಳಿದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಹಾಗಿದ್ದರೂ ಒಂದು ಸಂಶಯ ಉಳಿಯುತ್ತದೆ. ಫಾಕ್ಸ್‌ಗ್ಲವ್ ಎಲೆ ಬಲು ಕಹಿ ಎಂದು ಕೊನೆಯಲ್ಲಿ ಲೇಖಕಿಯೇ ಬರೆಯುತ್ತಾರೆ. ಹಾಗಾದರೆ ಮೇಷ್ಟ್ರು ಅಷ್ಟು ದಿನ ಹೇಗೆ ಕುಡಿದರು? ಜೇನು ಹಾಕಿಕೊಂಡರು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಾಗಲಿಲ್ಲ.

ತುಂಬೆಹೂವು, ತುಮಕೂರು

ಇದೇ ಸಂಶಯ ನನಗೂ ಬಂದಿತ್ತು, ಆದರೆ ಬೇರೆ ದಿಕ್ಕಿನಿಂದ. ಇದೇ ಕಥೆಯನ್ನು ನಮ್ಮ ಜಿಲ್ಲೆಗೆ ತಂದರೆ ಕಹಿಯೇ ಕೊಲೆಗಾರನ ನೆರವಿಗೆ ಬರುತ್ತದೆ. ನೆಲಬೇವಿನ ಕಷಾಯ ಕುಡಿದು ಬೆಳೆದ ನಮಗೆ ಕಹಿಯಾದಷ್ಟೂ ಮದ್ದು ಗಟ್ಟಿ ಎಂಬ ನಂಬಿಕೆ. ಸಿದ್ದರಬೆಟ್ಟದ ಬುಡದಲ್ಲಿ ಯಾರೋ ಕೊಟ್ಟ ಬೇರನ್ನು ಮುಖ ಸಿಂಡರಿಸಿಕೊಂಡೇ ನುಂಗಿ, ಒಳ್ಳೆಯ ಮೂಲಿಕೆ ಎಂದು ಹೊಗಳಿ ಬರುವವರು ನಾವು. ಇಂಗ್ಲೆಂಡಿನ ಮೇಷ್ಟ್ರಿಗೆ ಜೇನು ಬೇಕಾಯಿತು, ತುಮಕೂರಿನ ಮೇಷ್ಟ್ರಿಗೆ ಬೇಕಾಗುತ್ತಿರಲಿಲ್ಲ.

ಹಾಗೆ ನೋಡಿದರೆ ಈ ಪ್ರಕಾರವನ್ನು ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಹಳ್ಳಿಯ ಕೇಕು, ಬೆಕ್ಕು, ಪಾದ್ರಿಗಳನ್ನು ಹೊತ್ತು ತರಬೇಕಿಲ್ಲ. ಸಾವು ಅಸಹಜವೆನಿಸಿದರೆ ಠಾಣೆಯಲ್ಲಿ ಯುಡಿಆರ್ ಎಂಬ ಅಸಹಜ ಸಾವಿನ ವರದಿ ದಾಖಲಾಗುತ್ತದೆ, ಪ್ರಯೋಗಾಲಯದ ವರದಿಗೆ ತಿಂಗಳುಗಟ್ಟಲೆ ಕಾಯುವುದಿರುತ್ತದೆ, ಆ ನಡುವಿನ ಕಾಲದಲ್ಲಿ ಗ್ರಂಧಿಗೆ ಅಂಗಡಿಯ ಒಬ್ಬಾಕೆ ಪೊಟ್ಟಣದ ಚೂರನ್ನು ನೆನೆಸಿ ಬೆರಳಾಡಿಸುತ್ತಾಳೆ. ಗುಲಗಂಜಿ, ಉಮ್ಮತ್ತಿ, ಕಣಗಿಲೆ, ಕಾಸರಕ, ವತ್ಸನಾಭಿ ಇವೆಲ್ಲ ಆಯುರ್ವೇದ ಔಷಧಗಳ ಕಾನೂನಿನಲ್ಲೇ ವಿಷದ್ರವ್ಯಗಳ ಪಟ್ಟಿಯಲ್ಲಿವೆ, ಇವನ್ನು ಶುದ್ಧಿ ಮಾಡಿ ಮದ್ದಾಗಿಸುವ ವಿಧಾನಗಳೂ ಶಾಸ್ತ್ರದಲ್ಲಿವೆ. ಶುದ್ಧಿ ಅರ್ಧಕ್ಕೇ ನಿಂತರೆ ಏನಾಗುತ್ತದೆ ಎಂಬುದರಿಂದಲೇ ಕಥೆ ಶುರುವಾಗಬಹುದು.

ಗ್ರಂಧಿಗೆ ಅಂಗಡಿ

ಮೇಡಂ, ಆ ಒಬ್ಬಾಕೆ ಉದ್ರಿ ಪುಸ್ತಕವನ್ನೂ ನೋಡಲಿ. ಗುಲಗಂಜಿಯನ್ನು ಯಾರು ಯಾವ ದಿನ ಎಷ್ಟು ಒಯ್ದರೆಂದು ನಮ್ಮಲ್ಲಿ ಬರೆದಿರುತ್ತದೆ, ಒಯ್ದವರು ಸಾಲ ತೀರಿಸದಿದ್ದರೆ ಇನ್ನೂ ಸ್ಪಷ್ಟವಾಗಿ ಬರೆದಿರುತ್ತದೆ. ಪರದೆಯ ಹಿಂದೆ ನಿಲ್ಲುವ ಕಷ್ಟವಿಲ್ಲ.

ತಿಪಟೂರಿನವಳು

ಕೊನೆಗೊಂದು ವರದಿ. ಪುಸ್ತಕದ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿರುವ ಥೈಮ್ ಬಿಸ್ಕತ್ತನ್ನು, ತುಂಬೆಹೂವು ಮೇಡಂ ಹೇಳಿದ ಮಾತಿನ ಧೈರ್ಯದ ಮೇಲೆ, ಥೈಮ್ ಬದಲಿಗೆ ಓಮ ಹಾಕಿ ಮಾಡಿದೆ. ಅಳತೆ ಪುಸ್ತಕದ್ದೇ. ಒಣ ಎಲೆಗಿಂತ ಓಮದ ಕಾಳಿಗೆ ಘಾಟು ಹೆಚ್ಚೆಂಬುದು ಆಗ ಹೊಳೆಯಲಿಲ್ಲ. ಬಿಸ್ಕತ್ತು ಸಿಹಿ ನಿಪ್ಪಟ್ಟಿನಂತಾಗಿ ಮಕ್ಕಳು ಒಂದೊಂದು ತಿಂದು ಎದ್ದುಹೋದರು. ಅಮ್ಮ ಮಾತ್ರ ಹೊಟ್ಟೆಗೆ ಒಳ್ಳೆಯದೆಂದು ದಿನಕ್ಕೆರಡರಂತೆ ಡಬ್ಬಿ ಮುಗಿಸುತ್ತಿದ್ದಾರೆ. ಮುಂದಿನ ಸಲ ಓಮವನ್ನು ಅರ್ಧಕ್ಕೆ ಇಳಿಸಿ ನೋಡುತ್ತೇನೆ.